ಹಬ್ಬ ಮುಗೀಲಿ, ಭಾವ

ಮಾರ್ಚ್ ೩, ಭಾನುವಾರ

ಲಿಫ್ಟ್ ರಿಪೇರಿಯವರಿಗೆಂದು ಕಂಪನಿ ಕೊಡುವ ಡೈರಿ ಇದು. ಪ್ರತಿ ಪುಟದ ಮೇಲ್ಗಡೆ ‘ದೂರು’, ಕೆಳಗಡೆ ‘ಕ್ರಮ’ ಎಂದು ಅಚ್ಚಾಗಿದೆ. ಎರಡು ತಿಂಗಳು ಖಾಲಿ ಬಿದ್ದಿತ್ತು. ಇನ್ನು ಮೇಲೆ ಇದರಲ್ಲಿ ನನ್ನ ಸ್ವಂತ ದೂರುಗಳನ್ನು ಬರೆಯುತ್ತೇನೆ. ಇವತ್ತು ತಲೆಯ ಮೇಲೆ ಒಂದು ಬಂಡೆ ಬಿದ್ದಿದೆ, ಅದೂ ನಾನೇ ಕೇಳಿ ಬೀಳಿಸಿಕೊಂಡ ಬಂಡೆ.

ನಮ್ಮ ಬ್ಯಾಂಡಿನಲ್ಲಿ ನನ್ನದು ಬಾಸ್ ಗಿಟಾರ್. ಇನ್ನೊಂದು ಗಿಟಾರ್ ನುಡಿಸುವವನನ್ನು ನಾವು ಮೇಷ್ಟ್ರು ಅನ್ನುತ್ತೇವೆ. ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಾನೆ. ಆ ಮಕ್ಕಳಿಗೆ ಕಿವಿಯ ಯಂತ್ರ ಕೊಡಿಸಲು ಬಯಲಿನಲ್ಲಿ ಒಂದು ದಿನದ ರಾಕ್ ಹಬ್ಬ ಮಾಡಬೇಕೆಂದು ಅವನ ಆಸೆ. ಊರಿನ ಒಂಬತ್ತು ಬ್ಯಾಂಡುಗಳು ಬಿಟ್ಟಿಯಾಗಿ ಬರಲು ಒಪ್ಪಿವೆ. ಮೇ ಹನ್ನೆರಡು, ಫುಟ್‌ಬಾಲ್ ಮೈದಾನ. ವ್ಯವಸ್ಥೆ ಯಾರು ನೋಡಿಕೊಳ್ಳುತ್ತೀರಿ ಎಂದು ಕೇಳಿದಾಗ ನನ್ನ ಕೈ ತಾನಾಗಿಯೇ ಮೇಲೆದ್ದಿತು. ಅದಕ್ಕೆ ಪ್ರತಿಯಾಗಿ, ಎಲ್ಲರೂ ಆಸೆಪಡುವ ಕೊನೆಯ ಸರದಿ ನಮ್ಮದು.

“ಕಿವುಡು ಮಕ್ಕಳಿಗೋಸ್ಕರ ರಾಕಾ? ಕೋಣನ ಮುಂದೆ ಕಿನ್ನರಿ ಅಂತ ಕೇಳಿದ್ದೆ, ಇದ್ಯಾವ್ದೋ ಹೊಸದು,” ಎಂದ ಗುಡುಗು. ಅವನು ನಮ್ಮ ಡ್ರಮ್ಮಿನವನು, ವಾರದ ದಿನಗಳಲ್ಲಿ ಬೇಕರಿಯ ವ್ಯಾನ್ ಓಡಿಸುತ್ತಾನೆ.

“ಸ್ಪೀಕರ್ ಮೇಲೆ ಕೈ ಇಟ್ಟು ಕೇಳ್ತಾರೆ ಕಣೋ ಅವ್ರು. ನಿನ್ನ ಡ್ರಮ್ಮೂ ಕೇಳ್ಸುತ್ತೆ, ಪಾಪ,” ಎಂದ ಮೇಷ್ಟ್ರು.

ಆಮೇಲೆ ಬೇಕರಿಯ ಗೋದಾಮಿನಲ್ಲಿ ಅಭ್ಯಾಸ. ನಮ್ಮ ಹಾಡುಗಾರರು ನನ್ನ ಭಾವ, ಅಕ್ಕನ ಗಂಡ. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಮೈಕಿನಲ್ಲಿ ಹೇಳುವುದು ಅವರ ಕೆಲಸ. ಹತ್ತು ವರ್ಷದಿಂದ ಈ ಊರಿನ ಜನ ಆ ದನಿ ಕೇಳಿಯೇ ಬಸ್ಸು ಹತ್ತುತ್ತಾರೆ. ಹಾಲಿನಂಥ ದನಿ. ರಾಕಿಗೆ ಅದೇ ತೊಂದರೆಯಾಗಿತ್ತು. ಅವರು ಎಷ್ಟೇ ಕೂಗಿದರೂ ‘ಪ್ರಯಾಣಿಕರ ಗಮನಕ್ಕೆ’ ಅಂದ ಹಾಗೆ ಇರುತ್ತಿತ್ತು. ಇವತ್ತು ಮೂರನೇ ಹಾಡಿನಲ್ಲಿ ದನಿ ಒಡೆಯಿತು. ಮರಳು ಕಾಗದದಲ್ಲಿ ಕಬ್ಬಿಣ ಉಜ್ಜಿದಂಥ ಸದ್ದು. ನಾವೆಲ್ಲ ನುಡಿಸುವುದನ್ನು ನಿಲ್ಲಿಸಿ ಅವರನ್ನೇ ನೋಡಿದೆವು.

“ಶೀತ ಆಗಿರ್ಬೇಕು, ಮೂರು ವಾರ ಆಯ್ತು, ಬಿಡ್ತಾನೇ ಇಲ್ಲ,” ಎಂದರು ಭಾವ.

“ಬಿಡೋದು ಬೇಡ! ಇದೇ ನೋಡಿ ನಮಗೆ ಬೇಕಾಗಿದ್ದ ಗಂಟಲು!” ಎಂದು ನಾನು ಕೂಗಿದೆ. ಗುಡುಗು ಎದ್ದು ಚಪ್ಪಾಳೆ ತಟ್ಟಿದ. ಭಾವನ ಮುಖ ಚಿಕ್ಕ ಹುಡುಗನ ಮುಖದ ಹಾಗೆ ಅರಳಿತು.

ಮಾರ್ಚ್ ೧೦, ಭಾನುವಾರ

ನಾಲ್ಕು ಹಾಡುಗಳನ್ನೂ ಹೊಸ ಗಂಟಲಿನಲ್ಲಿ ಕ್ಯಾಸೆಟ್ಟಿಗೆ ಹಾಕಿದೆವು. ಇಂಥ ದನಿ ಈ ಊರಿನಲ್ಲಿ ಯಾರಿಗೂ ಇಲ್ಲ, ಬರೆದಿಟ್ಟುಕೊಳ್ಳಿ. ಒಳ್ಳೆಯ ಕ್ಯಾಸೆಟ್ ಇದ್ದದ್ದು ಒಂದೇ, ಅಕ್ಕನ ಮನೆಯದು. ಅದರಲ್ಲಿ ಹಿಂದಿನ ವರ್ಷಗಳ ಹಾಡುಗಳಿದ್ದವು. ಕೊನೆಗೆ ಭಾವನೂ ಅವರ ಮಗಳು ಪುಟ್ಟಿಯೂ ಎಣಿಕೆ ಹೇಳುವುದಿತ್ತು. ಭಾವ ಒಂದು ಅನ್ನುವುದು, ಮಗಳು ಎರಡು ಅನ್ನುವುದು, ಇವರು ಮೂರು, ಅವಳು ನಾಲ್ಕು. ಎಲ್ಲದರ ಮೇಲೂ ಹೊಸದನ್ನೇ ಹಾಕಿದೆ. ಕಾಳು ಸಿಕ್ಕ ಮೇಲೆ ಹೊಟ್ಟನ್ನು ಯಾಕೆ ಇಟ್ಟುಕೊಳ್ಳಬೇಕು?

ಮಾರ್ಚ್ ೨೧, ಗುರುವಾರ

ಆರು ಮಹಡಿಯ ಕಟ್ಟಡದ ಕಾರ್ಯದರ್ಶಿಗೆ ಇವತ್ತು ಸರಿಯಾಗಿ ಬಿಸಿ ಮುಟ್ಟಿಸಿದೆ. ಲಿಫ್ಟಿನ ಮೋಟಾರು ಕರಕರ ಎನ್ನಲು ಶುರುವಾಗಿ ಎರಡು ತಿಂಗಳಾಗಿದೆಯಂತೆ. ನಾನು ಗೇಟಿನ ಒಳಗೆ ಕಾಲಿಡುವಾಗಲೇ ಬೇರಿಂಗ್ ಒಣಗಿದೆ ಎಂದು ಗೊತ್ತಾಯಿತು. ನನ್ನ ಕಿವಿಗೆ ಅದು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸುಲಭ.

“ಸದ್ದು ಬದಲಾದ ದಿನಾನೇ ಯಾಕೆ ಕರೀಲಿಲ್ಲ ಸಾರ್? ಆಗ ಒಂದು ತೊಟ್ಟು ಎಣ್ಣೆ ಸಾಕಾಗಿತ್ತು. ಈಗ ಇಡೀ ಬೇರಿಂಗೇ ಬಿಚ್ಚಿ ಬಿಸಾಕ್ಬೇಕು,” ಎಂದೆ.

“ಓಡ್ತಾ ಇತ್ತಲ್ಲಪ್ಪ, ಅದಕ್ಕೇ ಸುಮ್ಮನಿದ್ದೆ,” ಎಂದ. ಓಡ್ತಾ ಇತ್ತಂತೆ! ಇಂಥವರಿಗೆ ಏನು ಹೇಳುವುದು.

ಆ ಲಿಫ್ಟಿನಲ್ಲಿ ಮಹಡಿಯ ಹೆಸರು ಹೇಳುವ ಒಂದು ಪೆಟ್ಟಿಗೆ ಇದೆ. ನಾಲ್ಕು ವರ್ಷದ ಹಿಂದೆ ಅದಕ್ಕೆ ಭಾವನಿಂದಲೇ ಹೇಳಿಸಿದ್ದೆ. ಈಗ ಅದು ಹಳೆಯ ಕಾಲದ್ದಾಯಿತಂತೆ. ಹೆಣ್ಣು ದನಿಯ, ಸಂಗೀತವೂ ಬರುವ ಹೊಸ ಪೆಟ್ಟಿಗೆ ಹಾಕಿ ಎಂದು ಕಾರ್ಯದರ್ಶಿಯ ಬೇಡಿಕೆ. ಹಬ್ಬ ಮುಗೀಲಿ ಸಾರ್, ಹಾಕೋಣ ಎಂದೆ.

ಬಸ್ ನಿಲ್ದಾಣದವರು ಭಾವನನ್ನು ಮೈಕಿನಿಂದ ತೆಗೆದು, ಜನ ಬಿಟ್ಟುಹೋದ ಸಾಮಾನು ಕಾಯುವ ಕೋಣೆಗೆ ಹಾಕಿದ್ದಾರೆ. ಏನು ಹೇಳುತ್ತಾರೋ ತಿಳಿಯುತ್ತಿಲ್ಲ ಎಂದು ಪ್ರಯಾಣಿಕರ ದೂರು. ರಸಿಕತೆ ಇಲ್ಲದ ಜನ.

ಏಪ್ರಿಲ್ ೨, ಮಂಗಳವಾರ

ದೂರು: ಭಾವನಿಗೆ ಕೆಮ್ಮು. ಎಡಗಿವಿ ನೋವು. ಊಟದಲ್ಲಿ ಆಸಕ್ತಿ ಇಲ್ಲ.
ಕ್ರಮ: ಉಪ್ಪುನೀರು ಮುಕ್ಕಳಿಸಲು ಹೇಳಿದೆ.

ಪೋಸ್ಟರು ಬಂತು. ಒಂಬತ್ತು ಬ್ಯಾಂಡುಗಳ ಹೆಸರಿನಲ್ಲಿ ನಮ್ಮದು ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ದಪ್ಪಗೆ. ನೋಡಿ ನೋಡಿ ಸಾಕಾಗಲಿಲ್ಲ.

ಏಪ್ರಿಲ್ ೧೪, ಭಾನುವಾರ

ಅಭ್ಯಾಸದ ಹೊತ್ತಿಗೆ ಅಕ್ಕ ಗೋದಾಮಿಗೇ ಬಂದಳು. ಹೊಲಿಗೆ ಅಂಗಡಿಯಿಂದ ನೇರ ಬಂದಿದ್ದಳು, ಸೀರೆಯ ಮೇಲೆ ದಾರದ ತುಂಡುಗಳು ಅಂಟಿಕೊಂಡಿದ್ದವು. ನನ್ನನ್ನು ಹಿಟ್ಟಿನ ಮೂಟೆಗಳ ಹಿಂದಕ್ಕೆ ಎಳೆದುಕೊಂಡು ಹೋದಳು.

“ಲೋ, ಅವರಿಗೆ ಬ್ರೆಡ್ ಸಹ ನೆನೆಸಿ ಕೊಡ್ತಾ ಇದೀನಿ. ನುಂಗೋಕೆ ಆಗ್ತಿಲ್ಲ. ನಾನು ಹೇಳಿದ್ರೆ ಕೇಳಲ್ಲ. ನಿನ್ನ ಮಾತಾದ್ರೆ ಕೇಳ್ತಾರೆ. ಡಾಕ್ಟರ್ ಹತ್ರ ಕರ್ಕೊಂಡು ಹೋಗೋ.”

“ಹೋಗೋಣ ಅಕ್ಕ. ಈಗ ಹೋದ್ರೆ ಮೊದಲು ಏನಂತಾರೆ? ಬಾಯಿ ಮುಚ್ಕೊಂಡಿರಿ ಅಂತಾರೆ. ಹಬ್ಬ ಮುಗೀಲಿ. ನಾನೇ ಕರ್ಕೊಂಡು ಹೋಗ್ತೀನಿ.”

“ಹಬ್ಬ ಹಬ್ಬ ಅಂತ ಸಾಯ್ತೀಯಲ್ಲ.”

“ನನಗೋಸ್ಕರವಾ? ಆ ಮಕ್ಕಳ ಮುಖ ನೋಡಿದೀಯಾ ನೀನು?” ಎಂದೆ. ಅಕ್ಕ ಸುಮ್ಮನಾದಳು. ಈ ಮಾತಿಗೆ ಯಾರಾದರೂ ಸುಮ್ಮನಾಗುತ್ತಾರೆ ಎಂದು ಗೊತ್ತಾಗಿದೆ. ಧ್ವನಿವರ್ಧಕ ಬಾಡಿಗೆಯವನಿಗೂ ಇದನ್ನೇ ಹೇಳಿದ್ದೆ.

ಮಂಗಳವಾರ ಸೇರಿಸಿದ್ದು: ಕಡೆಗೆ ಅವಳೇ ಹೋಗಿ ದೊಡ್ಡಾಸ್ಪತ್ರೆಯ ಗಂಟಲು ವಿಭಾಗದಲ್ಲಿ ಮೇ ಹದಿಮೂರಕ್ಕೆ ದಿನ ಗೊತ್ತು ಮಾಡಿ ಬಂದಿದ್ದಾಳೆ. ಹಬ್ಬದ ಮರುದಿನವೇ. ಎಲ್ಲರಿಗೂ ಸಮಾಧಾನ.

ಮೇ ೯, ಗುರುವಾರ

ತಲೆ ಕೆಟ್ಟುಹೋಗಿದೆ. ಅಕಾಲದ ಮಳೆ ಸುರಿದು ಮೈದಾನ ಕೆರೆಯಾಗಿದೆ. ವೇದಿಕೆಯ ಕಂಬ ನೆಟ್ಟರೆ ಮೊಣಕಾಲುದ್ದ ಹೂತುಹೋಗುತ್ತದೆ. ಕರೆಂಟಿನ ಕೆಲಸದವನು ಈ ನೀರಿನಲ್ಲಿ ತಂತಿ ಎಳೆಯುವುದಿಲ್ಲ ಎಂದ, ಅವನದೂ ತಪ್ಪಲ್ಲ. ಜೂನ್ ಎರಡಕ್ಕೆ ಮುಂದೂಡಿದೆವು.

ಭಾವನ ಆಸ್ಪತ್ರೆ ದಿನ ಹಬ್ಬಕ್ಕಿಂತ ಮೊದಲು ಬರುವಂತಾಯಿತು. ಅಲ್ಲಿ ಗಂಟಲೊಳಗೆ ಏನಾದರೂ ಹಾಕಿ ಕೆದಕಿದರೆ ಮೂರು ವಾರ ಹಾಡಿದ ಹಾಗೇ. ಅವರಿಲ್ಲದೆ ನಮ್ಮ ಬ್ಯಾಂಡಿಲ್ಲ, ನಮ್ಮ ಬ್ಯಾಂಡಿಲ್ಲದೆ ಹಬ್ಬಕ್ಕೆ ಕೊನೆಯೇ ಇಲ್ಲ.

ಮೇ ೧೦, ಶುಕ್ರವಾರ

ಕಂಪನಿಯ ಫೋನಿನಿಂದ ಆಸ್ಪತ್ರೆಗೆ ಮಾತಾಡಿದೆ. ಜೂನ್ ಮೂರಕ್ಕೆ ಬದಲಾಯಿಸಿ ಎಂದೆ. ಅಷ್ಟು ಬೇಗ ಖಾಲಿ ಇಲ್ಲ, ಜೂನ್ ಹದಿನೇಳಕ್ಕೆ ಬನ್ನಿ ಎಂದಳು ಗುಮಾಸ್ತೆ. ಆಯಿತು ಎಂದೆ. ಐದು ವಾರ. ಇಷ್ಟು ದಿನ ತಡೆದವರಿಗೆ ಇನ್ನು ಐದು ವಾರ ಯಾವ ಲೆಕ್ಕ.

ಅಕ್ಕನಿಗೆ, ಆಸ್ಪತ್ರೆಯವರೇ ದಿನ ಬದಲಾಯಿಸಿದರು, ನನಗೆ ಫೋನ್ ಬಂದಿತ್ತು ಎಂದೆ. ಸುಮ್ಮನೆ ಅವಳ ಗಾಬರಿ ಹೆಚ್ಚಿಸುವುದು ಬೇಡ ಎಂದು. ಅವಳು ಆಸ್ಪತ್ರೆಯವರಿಗೆ ಹಿಡಿಶಾಪ ಹಾಕಿದಳು. ನಾನೂ ಎರಡು ಬೈಗುಳ ಸೇರಿಸಿದೆ.

ಮೇ ೨೪, ಶುಕ್ರವಾರ

ಭಾವ ಈಗ ಮಾತು ಬಿಟ್ಟಿದ್ದಾರೆ. ಹಾಡಿಗೆ ಉಳಿಸಿಕೊಳ್ಳಲು ನಾನೇ ಹೇಳಿದ್ದು. ಬೆಲ್ಟಿಗೆ ಎರಡು ಹೊಸ ತೂತು ಕೊರೆದುಕೊಂಡಿದ್ದಾರೆ. ವೇದಿಕೆ ಮೇಲೆ ಸಪೂರ ಕಾಣುತ್ತೀರಿ, ಚೆನ್ನಾಗಿದೆ ಎಂದೆ. ನಕ್ಕರು, ಸದ್ದಿಲ್ಲದೆ.

ಜೂನ್ ೨, ಭಾನುವಾರ

ಎಲ್ಲಿಂದ ಶುರು ಮಾಡಲಿ! ಇಂಥ ದಿನ ನನ್ನ ಬಾಳಿನಲ್ಲಿ ಇನ್ನೊಂದಿಲ್ಲ.

ಬೆಳಗ್ಗೆ ಐದಕ್ಕೇ ಮೈದಾನದಲ್ಲಿದ್ದೆ. ಕೆಸರಿನ ಮೇಲೆ ಹಲಗೆ ಹಾಸಿದೆವು. ಜನರೇಟರ್ ಎರಡು ಸಲ ಕೈಕೊಟ್ಟಿತು, ಎರಡು ಸಲವೂ ನಾನೇ ಸರಿ ಮಾಡಿದೆ. ಹನ್ನೊಂದಕ್ಕೆ ಅಂಚೆ ಕಚೇರಿಯವರ ಬ್ಯಾಂಡಿನಿಂದ ಶುರು. ಭಾನುವಾರವಾದರೂ ಇಬ್ಬರು ಖಾಕಿಯಲ್ಲೇ ಬಂದಿದ್ದರು. ಆಮೇಲೆ ನರ್ಸಿಂಗ್ ಓದುವ ಹುಡುಗಿಯರು, ಅವರು ಎಲ್ಲರ ನಿದ್ದೆ ಬಿಡಿಸಿದರು. ಹಲ್ಲಿನ ಡಾಕ್ಟರೊಬ್ಬರ ಬ್ಯಾಂಡು ಶ್ರುತಿ ಹುಡುಕುವುದರಲ್ಲೇ ಅರ್ಧ ಗಂಟೆ ಕಳೆಯಿತು. “ಇವ್ರು ಹಲ್ಲು ಕೀಳೋವಾಗ್ಲೂ ಹೀಗೇನಾ?” ಎಂದು ಗುಡುಗು ಕೇಳಿದ.

ಮೂರರ ಹೊತ್ತಿಗೆ ಮೈದಾನ ತುಂಬಿತು. ಮೇಷ್ಟ್ರ ಶಾಲೆಯ ಮಕ್ಕಳು ವೇದಿಕೆಯ ಮುಂದೆಯೇ ಇದ್ದರು. ಬಾಸ್ ಸ್ಪೀಕರುಗಳ ಮೇಲೆ ಅಂಗೈ ಒತ್ತಿ ನಿಂತಿದ್ದರು. ಒಬ್ಬಳು ಕೆನ್ನೆಯನ್ನೇ ಒತ್ತಿದ್ದಳು. ಸಂಜೆ ನಮ್ಮ ಸರದಿಯಲ್ಲಿ ನಾನು ಬಾಸಿನ ದಪ್ಪ ತಂತಿ ಮೀಟಿದಾಗ ಸಾಲಿಗೆ ಸಾಲೇ ಒಟ್ಟಿಗೆ ನಗುತ್ತಿತ್ತು. ನನ್ನ ಬಾಸನ್ನು ಇಷ್ಟು ಗಮನ ಕೊಟ್ಟು ಇದುವರೆಗೆ ಯಾರೂ ಕೇಳಿರಲಿಲ್ಲ.

ಭಾವ ಬೆಳಗ್ಗಿನಿಂದ ಬೇಕರಿ ವ್ಯಾನಿನಲ್ಲಿ ಶಾಲು ಹೊದ್ದು ಕೂತಿದ್ದರು. ಅಕ್ಕ ಪಕ್ಕದಲ್ಲಿ ಫ್ಲಾಸ್ಕ್ ಹಿಡಿದುಕೊಂಡಿದ್ದಳು. ಆರಕ್ಕೆ ಕರೆಯಲು ಹೋದೆ. ಎದ್ದು ನಿಂತವರು ಬಾಗಿಲು ಹಿಡಿದುಕೊಂಡರು.

“ಆಗುತ್ತಾ ಭಾವ?” ಎಂದೆ.

“ಇಷ್ಟು ದಿನ ಎಲ್ರಿಗೂ ಬಸ್ ಹತ್ತಿಸಿದೀನಿ. ಇವತ್ತು ನನ್ನ ಬಸ್ಸು,” ಎಂದು ಪಿಸುಗುಟ್ಟಿದರು.

ಮೊದಲ ಮೂರು ಹಾಡು ಚೆನ್ನಾಗಿದ್ದವು. ನಾಲ್ಕನೆಯದು ಅವರೇ ಬರೆದದ್ದು, ಬರದೇ ಹೋದ ಕೊನೆಯ ಬಸ್ಸಿಗೆ ಕಾಯುವವನ ಹಾಡು. ಅದರ ಕೊನೆಯಲ್ಲಿ ಒಂದು ಕೂಗು ಇದೆ. ಅಭ್ಯಾಸದಲ್ಲಿ ಅದನ್ನು ಅರ್ಧಕ್ಕೇ ಬಿಡುತ್ತಿದ್ದರು. ಇವತ್ತು ಬಿಡಲಿಲ್ಲ. ಎರಡು ಕೈಯಲ್ಲೂ ಮೈಕ್ ಹಿಡಿದು, ಕಣ್ಣು ಮುಚ್ಚಿ ಎಳೆದರು. ಅದು ಮನುಷ್ಯನ ದನಿಯ ಹಾಗಿರಲಿಲ್ಲ. ಮೈದಾನಕ್ಕೆ ಮೈದಾನವೇ ಎದ್ದು ನಿಂತಿತು. ನನ್ನ ಕಣ್ಣಲ್ಲಿ ನೀರು ಬಂತು, ಬಾಸಿನ ಮೇಲೆ ಬಿತ್ತು.

ಎಲ್ಲ ಮುಗಿದು ವೈರು ಸುತ್ತುವಾಗ ಭಾವನ ಮೈಕಿನ ಜಾಲರಿಯ ಮೇಲೆ ಕೆಂಪಗೆ ಏನೋ ಇತ್ತು. ತುಟಿ ಒಡೆದಿರಬೇಕು. ಬಾಡಿಗೆಯ ಮೈಕ್ ಅಲ್ಲವೇ, ಒರೆಸಿ ಕೊಟ್ಟೆ.

ಜೂನ್ ೪, ಮಂಗಳವಾರ

ಪತ್ರಿಕೆಯಲ್ಲಿ ನಮ್ಮ ಚಿತ್ರ. ‘ಎದೆ ಸೀಳುವ ದನಿ’ ಎಂದು ಬರೆದಿದ್ದಾರೆ. ನಾಲ್ಕು ಪ್ರತಿ ತಂದೆ. ಒಂದನ್ನು ಭಾವನಿಗೆ ಕೊಡಲು ಹೋದರೆ ಮಲಗಿದ್ದರು.

ಜೂನ್ ೧೭, ಸೋಮವಾರ

ಆಸ್ಪತ್ರೆಗೆ ನಾನೂ ಹೋಗಿದ್ದೆ. ಡಾಕ್ಟರಮ್ಮ ಮೂಗಿನಿಂದ ತೆಳ್ಳಗಿನ ನಳಿಗೆ ಬಿಟ್ಟು ನೋಡಿದರು. ನೋಡುತ್ತಲೇ ಇದ್ದರು. ಕೋಣೆಯಲ್ಲಿ ಫ್ಯಾನಿನ ಬೇರಿಂಗ್ ಸಣ್ಣಗೆ ಕಿರುಗುಟ್ಟುತ್ತಿತ್ತು. ನಾನು ಅದನ್ನೇ ಕೇಳುತ್ತಾ ಕೂತಿದ್ದೆ.

ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. “ದನಿ ಬದಲಾಗಿ ಎಷ್ಟು ದಿನ ಆಯ್ತು?” ಎಂದು ಕೇಳಿದರು. ಅಕ್ಕ ನನ್ನ ಮುಖ ನೋಡಿದಳು. ನಾನು ಭಾವನ ಮುಖ ನೋಡಿದೆ.

ಜೂನ್ ೨೪, ಸೋಮವಾರ

ಕ್ಯಾನ್ಸರ್. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕು. ಕುತ್ತಿಗೆಯ ಗಂಟುಗಳಿಗೂ ಹರಡಿದೆ.

“ಒಂದು ತಿಂಗಳು ಮುಂಚೆ ಬಂದಿದ್ರೆ ರೇಡಿಯೇಶನ್ ಕೊಟ್ಟು ದನಿ ಉಳಿಸೋಕೆ ನೋಡ್ಬಹುದಿತ್ತು,” ಎಂದರು ಡಾಕ್ಟರಮ್ಮ.

“ಬರೋದ್ರಲ್ಲೇ ಇದ್ವಿ ಡಾಕ್ಟ್ರೇ, ಮೇ ಹದಿಮೂರಕ್ಕೆ. ನಿಮ್ಮವರೇ ತಾನೆ ದಿನ ಮುಂದಕ್ಕೆ ಹಾಕಿದ್ದು!” ಅಕ್ಕ ಮೇಜು ಗುದ್ದಿದಳು.

ಡಾಕ್ಟರಮ್ಮ ಗುಮಾಸ್ತೆಯನ್ನು ಕರೆಸಿದರು. ಅವಳು ದಪ್ಪ ಪುಸ್ತಕ ತಂದು ಬೆರಳಿಟ್ಟು ಓದಿದಳು: ‘ರೋಗಿಯ ಭಾವಮೈದುನ ಫೋನ್ ಮಾಡಿ ಬದಲಾಯಿಸಿಕೊಂಡರು.’

ಅಕ್ಕ ಭಾವನನ್ನು ಕೈ ಹಿಡಿದು ಹೊರಗೆ ಕರೆತಂದು ಬೆಂಚಿನ ಮೇಲೆ ಕೂರಿಸಿದಳು. ಆಮೇಲೆ ಮೆಟ್ಟಿಲ ಹತ್ತಿರ ನನ್ನೆದುರು ನಿಂತಳು.

“ಆ ಮಕ್ಕಳಿಗೆ ಕಿವಿ ಕೇಳಲ್ಲ, ಸರಿ. ನಿನಗೇನಾಗಿತ್ತೋ?”

ಜೂನ್ ೨೫

ನಾನು ಬೇಕೆಂದು ಮಾಡಲಿಲ್ಲ. ಭಾವನಿಗೂ ಹಾಡುವ ಆಸೆ ಇತ್ತು. ಒಬ್ಬನೇ ಒಬ್ಬ ಇದು ರೋಗ ಅಂದಿದ್ದನೇ? ಗುಡುಗು ಚಪ್ಪಾಳೆ ತಟ್ಟಲಿಲ್ಲವೇ?

ಜೂನ್ ೨೬

ನಿನ್ನೆ ಬರೆದದ್ದನ್ನು ಓದಿದೆ. ಗುಡುಗು ಫೋನ್ ಮಾಡಿ ಆಸ್ಪತ್ರೆಯ ದಿನ ಬದಲಾಯಿಸಲಿಲ್ಲ.

ಜುಲೈ ೫, ಶುಕ್ರವಾರ

ದೂರು: ಏಳು ಗಂಟೆ ಹೊತ್ತು ಆಪರೇಶನ್.
ಕ್ರಮ: ಹೊರಗೆ ಕೂತಿದ್ದೆ. ಅಕ್ಕ ಇನ್ನೊಂದು ಬೆಂಚಿನಲ್ಲಿ ಕೂತಿದ್ದಳು.

ಜುಲೈ ೧೪, ಭಾನುವಾರ

ವಾರ್ಡಿಗೆ ಹೋಗಿದ್ದೆ. ಭಾವನ ಕುತ್ತಿಗೆಯಲ್ಲಿ ತೂತು, ಅದರಲ್ಲಿ ನಳಿಗೆ. ಉಸಿರು ಅಲ್ಲಿಂದಲೇ. ಕೆಮ್ಮಿದರೆ ಬಾಯಿ ಅಲುಗುತ್ತದೆ, ಸದ್ದು ಬರುವುದಿಲ್ಲ, ಗಾಳಿ ಮಾತ್ರ. ಆ ಗಾಳಿಯ ಸದ್ದು ಸರಿಯಾಗಿದೆಯೇ ಎಂದು ಇಡೀ ಮಧ್ಯಾಹ್ನ ಕಿವಿಗೊಟ್ಟು ಕೂತಿದ್ದೆ.

ಮಾತಾಡಲು ಪುಟ್ಟಿಯ ಸ್ಲೇಟು ಇಟ್ಟುಕೊಂಡಿದ್ದಾರೆ. ನಾನು ತಲೆ ತಗ್ಗಿಸಿ, ಫೋನ್ ಮಾಡಿದ್ದು ನಾನೇ ಎಂದು ಹೇಳಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದು ಬರೆದರು: ‘ಗೊತ್ತು. ಕೊನೇ ಹಾಡು ಚೆನ್ನಾಗಿ ಬಂತಲ್ವಾ?’

ಹೂಂ ಎಂದೆ. ಅವರು ಅಂಗೈಯಿಂದ ಅಳಿಸಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಜುಲೈ ೨೮, ಭಾನುವಾರ

ಭಾವ ಮನೆಗೆ ಬಂದಿದ್ದಾರೆ. ಪುಟ್ಟಿಗೆ ಆರು ವರ್ಷ. ಅವಳಿಗೆ ಏನು ಹೇಳಿದ್ದಾರೋ ತಿಳಿಯದು, ಅಪ್ಪನ ಹತ್ತಿರ ಹೋಗಲು ಹೆದರುತ್ತಾಳೆ. ಮಾರ್ಚಿನಲ್ಲಿ ನಾವು ಹೊಸ ಹಾಡು ಹಾಕಿದ ಕ್ಯಾಸೆಟ್ ಕೇಳಿಸಿದರೆ ಕಿವಿ ಮುಚ್ಚಿಕೊಂಡಳು.

“ಇದು ಅಪ್ಪ ಅಲ್ಲ. ಅಪ್ಪ ಒಂದು ಅನ್ನೋದು, ನಾನು ಎರಡು ಅನ್ನೋದು ಇದೆಯಲ್ಲ, ಅದು ಹಾಕು ಮಾಮ.”

ಭಾವ ಸ್ಲೇಟಿನಲ್ಲಿ ಬರೆದರು: ‘ಅದು ನಿನ್ನ ಹತ್ರಾನೇ ಇರ್ಬೇಕು. ನೋಡು.’

ನೋಡುತ್ತೇನೆ ಎಂದೆ. ಅವರಿಬ್ಬರೂ ನನ್ನನ್ನು ನಂಬಿದರು. ಯಂತ್ರದೊಳಗೆ ತಿರುಗುತ್ತಿದ್ದದ್ದೇ ಆ ಕ್ಯಾಸೆಟ್.

ಜುಲೈ ೩೦

ದೂರು:
ಕ್ರಮ:

ಆಗಸ್ಟ್ ೮, ಗುರುವಾರ

ಮೇಷ್ಟ್ರು ಬಂದಿದ್ದ. ಮಕ್ಕಳಿಗೆ ಕಿವಿಯ ಯಂತ್ರ ಬಂದವಂತೆ. ಒಬ್ಬಳು ಮೊದಲ ದಿನ ನಲ್ಲಿಯ ಸದ್ದು ಕೇಳಿ ಅತ್ತಳಂತೆ. ಸಂತೋಷ ಎಂದೆ. ನಿಜವಾಗಿಯೂ ಸಂತೋಷವೇ. ಮುಂದಿನ ವರ್ಷ ಮತ್ತೆ ಮಾಡೋಣವೇ ಎಂದು ಕೇಳಿದ. ಬಾಸ್ ಗಿಟಾರನ್ನು ಅವನ ಶಾಲೆಗೇ ಕೊಟ್ಟು ಕಳಿಸಿದೆ.

ಆಗಸ್ಟ್ ೧೧, ಭಾನುವಾರ

ಆರು ಮಹಡಿಯ ಕಾರ್ಯದರ್ಶಿ ನಾಲ್ಕನೇ ಸಲ ಫೋನ್ ಮಾಡಿದ್ದ. “ಹಬ್ಬ ಮುಗಿದು ಎರಡು ತಿಂಗಳಾಯ್ತಲ್ಲಪ್ಪ, ಹೊಸ ಪೆಟ್ಟಿಗೆ ಎಲ್ಲಿ?”

“ಸಾಮಾನು ಇನ್ನೂ ಬಂದಿಲ್ಲ ಸಾರ್,” ಎಂದೆ. ಪೆಟ್ಟಿಗೆ ನನ್ನ ಮಂಚದ ಕೆಳಗಿದೆ. ಏಪ್ರಿಲ್‌ನಿಂದ ಇದೆ.

ಅಕ್ಕ ಭಾವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು, ಗಾಯ ಕೀವು ಕಟ್ಟಿದೆ. ಪುಟ್ಟಿಯನ್ನು ನನ್ನ ಬಳಿ ಬಿಟ್ಟಳು. ಬೇರೆ ಯಾರೂ ಸಿಗದೆ ಬಿಟ್ಟದ್ದು. ಬಾಗಿಲಲ್ಲಿ ನನ್ನ ಮುಖ ನೋಡಲಿಲ್ಲ. ಪುಟ್ಟಿಯನ್ನು ಸೈಕಲ್ ಮೇಲೆ ಕೂರಿಸಿಕೊಂಡು ಆ ಕಟ್ಟಡಕ್ಕೆ ಹೋದೆ. ಲಿಫ್ಟಿನೊಳಗೆ ನಿಂತು ಒಂದನ್ನು ಒತ್ತಿದೆ.

“ಒಂದನೇ ಮಹಡಿ,” ಎಂದರು ಭಾವ. ಅದೇ ಹಾಲಿನಂಥ ದನಿ.

ಪುಟ್ಟಿ ತಲೆ ಎತ್ತಿ ಚಾವಣಿ ನೋಡಿದಳು, ಆಮೇಲೆ ನನ್ನನ್ನು. “ಎರಡು,” ಎಂದಳು ಮೆಲ್ಲಗೆ.

ಎರಡನ್ನು ಒತ್ತಿದೆ. “ಎರಡನೇ ಮಹಡಿ.”

“ಅಪ್ಪ ತಪ್ಪು ಹೇಳ್ತಿದಾರೆ. ಎರಡು ನಂದು,” ಎಂದಳು ಮುಖ ಗಂಟಿಕ್ಕಿಕೊಂಡು.

ಲಿಫ್ಟು ನಿಲ್ಲುವ ಮಹಡಿಯ ಹೆಸರನ್ನಷ್ಟೇ ಪೆಟ್ಟಿಗೆ ಹೇಳುತ್ತದೆ. ಅವಳನ್ನು ಮತ್ತೆ ಕೆಳಕ್ಕೆ ಕರೆತಂದು, ಈ ಸಲ ಒಂದು, ಮೂರು, ಐದನ್ನು ಮಾತ್ರ ಒತ್ತಿದೆ.

“ಒಂದನೇ ಮಹಡಿ.”

“ಎರಡು!”

“ಮೂರನೇ ಮಹಡಿ.”

“ನಾಲ್ಕು!”

“ಐದನೇ ಮಹಡಿ.”

“ಆರು!” ಎಂದು ಕುಣಿದಳು. ಕೈ ಕಟ್ಟಿಕೊಂಡು ಕಾದಳು. ಲಿಫ್ಟು ಸುಮ್ಮನೆ ನಿಂತಿತ್ತು. “ಈಗ ಅಪ್ಪ ಏಳು ಅನ್ಬೇಕು, ಮಾಮ.”

“ಏಳು ಇಲ್ಲ ಪುಟ್ಟಿ. ಕಟ್ಟಡ ಇಷ್ಟೇ.”

ಅವಳು ಗುಂಡಿಗಳ ಸಾಲನ್ನು ಮೇಲಿನಿಂದ ಕೆಳಗೆ ನೋಡಿದಳು. ನಾನು ಹೇಳಿದ್ದು ನಿಜ ಎಂದು ಅವಳಿಗೆ ಖಾತ್ರಿಯಾಯಿತು.

“ಹಂಗಾದ್ರೆ ಮೊದಲಿಂದ,” ಎಂದಳು.

ಬಾಗಿಲು ಮುಚ್ಚಿತು. ನಾನು ಒಂದನ್ನು ಒತ್ತಿದೆ.